ಕಲ್ಲವ್ವನ ಹನ್ನೆರಡು ನೆರಳು

ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ನಮ್ಮತ್ತೆ ಕಲ್ಲವ್ವನ ಹನ್ನೆರಡು ನೆರಳುಗಳು ಸಾಲಾಗಿ ಕೂತಿದ್ದವು. ಅತ್ತೆ ಮಾತ್ರ ಅಲ್ಲಿರಲಿಲ್ಲ. ಆಕೆ ಎರಡು ಹರದಾರಿ ಆಚೆ ತನ್ನ ಊರಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿದ್ದಳು. ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬಂದು, ಎಂಟು ದಿನ ಇದ್ದು, ಹೋಗುವಾಗ ಒಂದು ನೆರಳು ಬಿಟ್ಟು ಹೋಗುತ್ತಿದ್ದಳು. ಹನ್ನೆರಡೂ ಒಂದೇ ನಮೂನೆ: ಒಂದು ಕಾಲು ಮಡಚಿ, ಒಂದು ಇಳಿಬಿಟ್ಟು, ಬಲಗೈಯಲ್ಲಿ ನೀರಿನ ಲೋಟ. ಬೇಸಿಗೆಯಲ್ಲಿ ಓಣಿಯ ಮಂದಿ ಅವುಗಳ ತಂಪಿಗೆ ಬಂದು ಒರಗುತ್ತಿದ್ದರು. ಕಾಯಿಪಲ್ಯೆ ಮಾರುವ ಹುಸೇನಬಿ ತನ್ನ ಮೆಂತ್ಯೆ ಸೊಪ್ಪಿನ ಬುಟ್ಟಿಯನ್ನು ನಾಲ್ಕನೆಯ ಕಲ್ಲವ್ವನಲ್ಲೇ ಇಡುತ್ತಿದ್ದಳು. ಅಲ್ಲಿ ಸಂಜೆಯವರೆಗೂ ಬಾಡುವುದಿಲ್ಲ ಎನ್ನುತ್ತಿದ್ದಳು. ನಾನು ಮತ್ತು ನನ್ನ ಹೆಂಡತಿ ಸಾವಂತ್ರವ್ವ ಕಟ್ಟೆಯ ಮೇಲೆ ಕೂತು ಜಗಳವಾಡುವುದನ್ನು ಮಾತ್ರ ಬಿಟ್ಟಿದ್ದೆವು. ಹನ್ನೆರಡು ಅತ್ತೆಯರ ಎದುರಿಗೆ ಬಾಯಿ ತೆರೆಯುವ ಅಳಿಯ ಇನ್ನೂ ಹುಟ್ಟಿಲ್ಲ.

ಊರಿನ ಅಗಸಿ ಬಾಗಿಲ ಮೇಲಿನ ಕೋಣೆಯಲ್ಲಿರುವ ಪೆಟ್ಟಿಗೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಅದರ ಧೂಳು ಒರೆಸಿದ್ದೇನೆ, ಫ್ಯಾನಿಗೆ ಎಣ್ಣೆ ಬಿಟ್ಟಿದ್ದೇನೆ, ಒಳಗೆ ಗೂಡು ಕಟ್ಟಿದ ಗುಬ್ಬಿಗಳನ್ನು ಬೈದು ಕಳಿಸಿದ್ದೇನೆ. ಅದರೊಳಗಿನ ಸಾಫ್ಟ್‌ವೇರನ್ನು ಯಾರು ಬರೆದರೋ ನನಗೆ ಗೊತ್ತಿಲ್ಲ. ಅಗಸಿಯ ಕೆಳಗಿನಿಂದ ಒಬ್ಬ ಒಳಗೆ ಬಂದರೆ ಪೆಟ್ಟಿಗೆ ಅವನಿಗೊಂದು ನೆರಳು ಕೊಡುತ್ತದೆ. ಹೊರಗೆ ಹೋದರೆ ವಾಪಸು ತೆಗೆದುಕೊಳ್ಳುತ್ತದೆ. ಊರೊಳಗೆ ಕೂಸು ಹುಟ್ಟಿದರೂ ಅಷ್ಟೆ, ಯಾರಾದರೂ ಸತ್ತರೂ ಅಷ್ಟೆ. ಒಟ್ಟು ನೆರಳು ಎಂಟು ಸಾವಿರದ ನೂರಾ ತೊಂಬತ್ತೆರಡು. ಎಷ್ಟು ಉಳಿದಿವೆ ಎಂಬುದು ಪೆಟ್ಟಿಗೆಯ ಹಣೆಯ ಮೇಲೆ ಕೆಂಪು ಅಂಕಿಯಲ್ಲಿ ಉರಿಯುತ್ತಿರುತ್ತದೆ.

ನೆರಳಿಲ್ಲದವರನ್ನು ನಮ್ಮೂರಿನಲ್ಲಿ ಯಾರ ಕಣ್ಣೂ ಹಿಡಿಯುವುದಿಲ್ಲ. ಒಮ್ಮೆ ಸಿಡಿಲು ಬಡಿದು ಪೆಟ್ಟಿಗೆ ಅರ್ಧ ದಿನ ಹೊಸ ನೆರಳು ಕೊಡದಂತಾದಾಗ ಕೌದಿ ಮಾರುವವನೊಬ್ಬ ನೆರಳಿಲ್ಲದೆ ಒಳಗೆ ಬಂದ. ಹೋಟೆಲಿನಲ್ಲಿ ಕೂತು ಚಹಾ ಚಹಾ ಎಂದು ಒದರಿದ. ಹೋಟೆಲಿನವನು “ಎಲ್ಲೋ ರೇಡಿಯೋ ಹಚ್ಯಾರ” ಎಂದ. ಅವನ ತೊಡೆಯ ಮೇಲೆಯೇ ಇಬ್ಬರು ಕೂತು ಉಪ್ಪಿಟ್ಟು ತಿಂದು ಕೈ ತೊಳೆದು ಹೋದರು. ದೊಡ್ಡವರಾದರೆ ನಡೆದೀತು, ಒದರಿಯಾದರೂ ತಾವಿದ್ದೇವೆಂದು ಹೇಳಿಕೊಳ್ಳುತ್ತಾರೆ. ಹಸುಗೂಸು ಏನು ಮಾಡೀತು? ಪಕ್ಕದಲ್ಲೇ ಮಲಗಿರುತ್ತದೆ, ತಾಯಿ ಮನೆಯೆಲ್ಲ ಹುಡುಕುತ್ತಾಳೆ.

ಇದನ್ನು ಯಾಕೆ ಹೇಳುತ್ತೇನೆಂದರೆ, ನಮ್ಮ ಮಗಳು ಶೈಲಾ ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದ ದಿನ ಪೆಟ್ಟಿಗೆಯ ಹಣೆಯ ಮೇಲೆ ನಲವತ್ತೊಂದು ಎಂದಿತ್ತು. ಊರಿನ ಮಂದಿಯನ್ನು ತಲೆ ಹಿಡಿದು ಎಣಿಸಿದರೆ ಇನ್ನೂರಕ್ಕೂ ಹೆಚ್ಚು ಉಳಿಯಬೇಕಾಗಿತ್ತು. ಕಡಿಮೆ ಬಿದ್ದವೆಲ್ಲ ಯಾರೂ ಇಲ್ಲದ ಕಟ್ಟೆಗಳ ಮೇಲೆ, ಕುರ್ಚಿಗಳ ಮೇಲೆ ಸುಮ್ಮನೆ ಕೂತಿದ್ದವು. ಈಚೆಗೆ ವಾರಕ್ಕೆ ಎರಡೋ ಮೂರೋ ಹೆಚ್ಚಾಗುತ್ತಿದ್ದವು. ನಾನು ಜಿಲ್ಲಾ ಕಚೇರಿಗೆ ಕಾಗದ ಬರೆದೆ. ಅವರು ಧರಣೇಂದ್ರ ಎಂಬ ಎಂಜಿನಿಯರ್ ಸಾಹೇಬರನ್ನು ಕಳಿಸಿದರು. ಐವತ್ತರ ಆಸುಪಾಸಿನ, ದಪ್ಪ ಕನ್ನಡಕದ, ಮೆಲ್ಲಗೆ ಮಾತಾಡುವ ಮನುಷ್ಯ. ಎರಡು ದಿನ ಪೆಟ್ಟಿಗೆಯ ಮುಂದೆ ಕೂತು ಪರದೆಯ ಮೇಲಿನ ಸಾಲುಗಳನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಸಂಗಪ್ಪ, ಇದಕ್ಕ ಮೆಮೊರಿ ಲೀಕ್ ಅಂತಾರ. ಕೊಟ್ಟದ್ದನ್ನ ವಾಪಸ್ ತಗೊಳ್ಳೋದನ್ನ ಸಿಸ್ಟಂ ಮರಿಯಾಕತ್ತದ. ಆ ಒಂದೊಂದು ನೆರಳೂ ಒಂದೊಂದು ಜಾಗಾ ಹಿಡ್ಕೊಂಡು ಕುಂತದ. ಆದ್ರ ಭಾಳ ಸಣ್ಣ ಲೀಕ್. ವಾರಕ್ಕ ಮೂರಂದ್ರ ಇನ್ನೂ ಮೂರು ತಿಂಗಳು ಚಿಂತಿಲ್ಲ.”

“ಒಮ್ಮೆ ಆರಿಸಿ ಹಚ್ಚಿದ್ರ ಸರಿ ಹೋಗೂದಿಲ್ರೀ?”

“ಹೋಗ್ತದ. ಆದ್ರ ನಿಮ್ಮ ಮಂದಿ ಒಪ್ತಾರೇನು?”

ಒಪ್ಪುವುದಿಲ್ಲ. ಮೂವತ್ತು ವರ್ಷದ ಕೆಳಗೆ ಹಾಗೆ ಆರಿಸಿ ಹಚ್ಚಿದಾಗ ನೆರಳುಗಳೆಲ್ಲ ಅದಲು ಬದಲಾಗಿದ್ದವು. ನಮ್ಮ ಶಾಲೆಯ ಹೆಡ್‌ಮಾಸ್ತರರಿಗೆ ಬಳೆಗಾರನ ನೆರಳು ಬಂತು. ಪಾಪ, ಅವರು ನಿವೃತ್ತಿಯವರೆಗೂ ಬಳೆ ಮಲಾರ ಹೊತ್ತ ನೆರಳನ್ನು ಎಳೆದುಕೊಂಡೇ ಪ್ರಾರ್ಥನೆಗೆ ಬಂದು ನಿಲ್ಲುತ್ತಿದ್ದರು.

ಸಣ್ಣ ಸೋರಿಕೆ ಸಣ್ಣದಾಗಿಯೇ ಇರುತ್ತಿತ್ತೇನೋ. ಆದರೆ ಸುದ್ದಿ ಊರ ಅಧ್ಯಕ್ಷರ ಕಿವಿಗೆ ಬಿತ್ತು. ಅವರು ಯಾರನ್ನೂ ಕೇಳದೆ ಡಂಗುರ ಹೊಡೆಸಿದರು: “ಕೇಳ್ರಪ್ಪೋ ಕೇಳ್ರಿ! ಊರಾಗ ನೆರಳು ಕಡಿಮಿ ಆಗ್ಯಾವು! ಕೆಲಸ ಇಲ್ಲದವರು ಒಂದು ದಿನದ ಮಟ್ಟಿಗೆ ಬೀಗರ ಊರಿಗೆ ಹೋಗಿ ಬರ್ರಪ್ಪೋ!”

ಐವತ್ತು ಮಂದಿ ಉತ್ಸಾಹದಿಂದ ಹೊರಟರು. ಅಂದೂ ನಲವತ್ತೊಂದರಲ್ಲೇ ಇದ್ದ ಅಂಕಿ ತೊಂಬತ್ತೊಂದಕ್ಕೆ ಏರಿತು. ಅಧ್ಯಕ್ಷರು ಅಗಸಿಯ ಕೆಳಗೆ ನಿಂತು ಮೀಸೆ ತಿರುವಿದರು. ಅವರು ಮೀಸೆಯ ಇನ್ನೊಂದು ತುದಿಗೆ ಕೈ ಹಾಕುವಷ್ಟರಲ್ಲಿ ಹೋದವರು ತಿರುಗಿ ಬರತೊಡಗಿದರು. ಒಬ್ಬ ಕೊಡೆ ಮರೆತಿದ್ದ, ಒಬ್ಬಾಕೆ ಹಲ್ಲಿನ ಸೆಟ್ಟು ಮರೆತಿದ್ದಳು, ಒಬ್ಬ ಹೆಂಡತಿಯನ್ನೇ ಮರೆತಿದ್ದ. ಒಟ್ಟು ಮೂವತ್ತೆಂಟು ಮಂದಿ ಬಂದು, ಬೇಕಾದ್ದನ್ನು ತೆಗೆದುಕೊಂಡು ಮತ್ತೆ ಹೊರಟರು. ಅವರು ಎರಡನೆಯ ಸಲ ಹೊರಗೆ ಹೋದಾಗ ಅಂಕಿ ಅಲುಗಲೇ ಇಲ್ಲ. ಸಂಜೆ ಐವತ್ತೂ ಮಂದಿ ಊರಿಗೆ ಮರಳಿದ ಮೇಲೆ ಪೆಟ್ಟಿಗೆಯ ಹಣೆಯ ಮೇಲೆ ಮೂರು ಎಂದಿತ್ತು. ಊರ ತುಂಬ ಮೂವತ್ತೆಂಟು ಹೊಸ ನೆರಳು ಕೂತಿದ್ದವು.

“ಸಾಹೇಬ್ರ, ಇವು ಎಲ್ಲಾವುದರ ಕೈಯಾಗೂ ಲೋಟ ಐತಿ ನೋಡ್ರಿ” ಎಂದೆ ನಾನು.

“ಕಾಕತಾಳೀಯ” ಎಂದರು ಧರಣೇಂದ್ರ ಸಾಹೇಬರು. ಮರುದಿನ ಬೆಳಿಗ್ಗೆ, ಮೂಲ ಸಾಫ್ಟ್‌ವೇರಿನ ಹಳೆಯ ಕಡತ ಕಚೇರಿಯಲ್ಲಿದೆ, ತರುತ್ತೇನೆ ಎಂದು ಹೊರಟರು. ಹತ್ತೇ ನಿಮಿಷಕ್ಕೆ ನಮ್ಮ ಬಾಗಿಲಲ್ಲಿ ಹಾಜರು. ಕನ್ನಡಕ, ಅವರು ಇಳಿದುಕೊಂಡಿದ್ದ ನಮ್ಮ ಮನೆಯಲ್ಲೇ ಉಳಿದಿತ್ತು. ತೆಗೆದುಕೊಂಡು ಹೊರಟವರನ್ನು ಸಾವಂತ್ರವ್ವ ತಡೆದಳು.

“ಹಂಗ ಹೋಗಬಾರದ್ರೀ ಸಾಹೇಬ್ರ. ಮರತು ತಿರುಗಿ ಬಂದವರು ಒಂದು ಗಳಿಗಿ ಕುಂತು ನೀರು ಕುಡದ ಹೋಗಬೇಕು.”

ಇದು ನಮ್ಮೂರಿನಲ್ಲಿ ಯಾರೂ ಮೀರದ ರಿವಾಜು. ಹೊರಟವರು ಏನಾದರೂ ಮರೆತು ತಿರುಗಿ ಬಂದರೆ, ಇಲ್ಲವೇ ಹೊಸ್ತಿಲು ದಾಟುವಾಗ ಯಾರಾದರೂ ಒಂಟಿ ಸೀನು ಸೀನಿದರೆ, ಕೂತು ನೀರು ಕುಡಿದು ಹೊಸದಾಗಿ ಹೊರಡಬೇಕು. ಸಾಹೇಬರು ಕಟ್ಟೆಯ ಮೇಲೆ ಹನ್ನೆರಡನೆಯ ಕಲ್ಲವ್ವನ ಪಕ್ಕ ಕೂತು ನೀರು ಕುಡಿದು ಹೋದರು. ಮಾರನೆಯ ದಿನ ಕಡತ ಹಿಡಿದು ಬಂದು ನೋಡಿದರೆ, ಹದಿಮೂರನೆಯದಾಗಿ ಅವರೇ ಅಲ್ಲಿ ಲೋಟ ಹಿಡಿದು ಕೂತಿದ್ದರು. ಕೂದಲು ಉದುರಿದ ನೆತ್ತಿ ಸಹಿತ.

ಅವರು ತಮ್ಮ ನೆರಳಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ “ಸಂಗಪ್ಪ, ನಾ ನಿನ್ನ ಮಾತು ಕೇಳಬೇಕಾಗಿತ್ತು” ಎಂದು ಎದ್ದು ಅಗಸಿಯ ಮೆಟ್ಟಿಲು ಹತ್ತಿದರು.

ಕಡತದಲ್ಲಿ ಕಾರಣ ಸಿಕ್ಕಿತು. ಅಗಸಿ ಕಾಯುವ ಇಮಾಮಸಾಬನ ತಂದೆಯ ಕಾಲದಲ್ಲಿ ದಾಟುವವರನ್ನು ಎಣಿಸುವ ಬಾಗಿಲಿನ ಪಟ್ಟಿ ಸಡಿಲಾಗಿ, ಒಬ್ಬ ಹೊರಗೆ ಹೋದರೆ ಅದು ಎರಡು ಸಲ ಬಡಿದುಕೊಳ್ಳುತ್ತಿತ್ತಂತೆ. ಪೆಟ್ಟಿಗೆ ಒಬ್ಬನನ್ನೇ ಇಬ್ಬರೆಂದು ಎಣಿಸುತ್ತಿತ್ತು. ಅದಕ್ಕಾಗಿ ಆಗಿನ ಯಾರೋ ಜಾಣ ಒಂದು ಸಾಲು ಸೇರಿಸಿದ್ದ: ಒಬ್ಬನೇ ಮನುಷ್ಯ ಅರ್ಧ ತಾಸಿನೊಳಗೆ ಎರಡನೆಯ ಸಲ ಹೊರಗೆ ಹೋದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಆಮೇಲೆ ಪಟ್ಟಿಯನ್ನು ಬಿಗಿ ಮಾಡಿದರು. ಸಾಲು ಹಾಗೆಯೇ ಉಳಿಯಿತು. ಬರೆದವನು ಬೇರೆ ಊರಿನವನಿರಬೇಕು. ನಮ್ಮೂರಿನವನಾಗಿದ್ದರೆ, ಹೋದವರು ಅರ್ಧ ತಾಸಿನಲ್ಲಿ ಬಂದು ನೀರು ಕುಡಿದು ಮತ್ತೆ ಹೋಗುತ್ತಾರೆಂಬುದು ಅವನಿಗೆ ತಿಳಿಯದೆ ಇರುತ್ತಿರಲಿಲ್ಲ.

ಸಾಹೇಬರು ಆ ಒಂದು ಸಾಲಿನ ಮುಂದೆ ಮಧ್ಯಾಹ್ನದವರೆಗೂ ಕೂತರು. “ಒಂದು ಸಾಲು ಅಳಸಾಕ ಇಷ್ಟೊತ್ತು ಬೇಕೇನ್ರೀ?” ಎಂದೆ.

“ಅಳಸೋದು ಒಂದು ಕ್ಷಣ. ಅಳಸಿದ್ರ ಬ್ಯಾರೆ ಎಲ್ಲಿ ಹರೀತದ ಅಂತ ನೋಡೋದು ಅರ್ಧ ದಿನ.”

ಈ ಮಾತು ನನಗೆ ಹಿಡಿಸಿತು. ಮನೆಯ ಜಂತಿ ಬಿಚ್ಚುವವರೂ ಹಾಗೆಯೇ ಮಾಡುತ್ತಾರೆ.

ಅಷ್ಟರಲ್ಲಿ ಅಂಕಿ ಇಳಿಯುತ್ತಲೇ ಇತ್ತು. ಸಾಹೇಬರು ವಾಪಸು ಬಂದದ್ದಕ್ಕೆ ಒಂದು ಹೋಗಿ ಎರಡಾಯಿತು. ಪಾತ್ರೆಗೆ ಕಲಾಯಿ ಹಾಕುವವನು ಬಂದು ಒಂದಾಯಿತು. ಆ ಒಂದೇ ನೆರಳು ನಮ್ಮ ಕೂಸಿಗೆಂದು ನಾನು ಇಮಾಮಸಾಬನಿಗೆ ಕೈ ಮುಗಿದು ಹೇಳಿದ್ದೆ. ಅಗಸಿಗೆ ಬಂದವರನ್ನು ತಿರುಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಇಮಾಮಸಾಬ ಯಾರಾದರೂ ಬಂದರೆ ಮಾತಿಗೆಳೆದು ಹೊರಗೇ ಕೂರಿಸುತ್ತೇನೆಂದಿದ್ದ.

ಆ ದಿನ ಹನ್ನೆರಡು ಗಂಟೆಗೆ ಶೈಲಾಗೆ ಬೇನೆ ಶುರುವಾಯಿತು. ನರ್ಸಬಾಯಿ ಬಂದು ಒಳಗೆ ಸೇರಿಕೊಂಡಳು. ನಾನು ಅಗಸಿಯ ಮೇಲಿನಿಂದ ರಸ್ತೆ ನೋಡುತ್ತಿದ್ದೆ. ದೂರದಲ್ಲಿ ಹಸಿರು ಸೀರೆ, ತಲೆಯ ಮೇಲೊಂದು ಗಂಟು, ಬಿರುಸು ನಡಿಗೆ. ಎಪ್ಪತ್ತೆರಡು ವರ್ಷದ ಕಲ್ಲವ್ವ. ಇಮಾಮಸಾಬ ಎದ್ದು ನಿಂತ.

“ಅವ್ವಾ, ಕುಂದರ್ರಿ, ಸ್ವಲ್ಪ ಮಾತಾಡೂಣು...”

“ಮಮ್ಮಗಳಿಗಿ ದಿನ ತುಂಬ್ಯಾವು, ನಿನ್ನ ಕೂಡ ಏನು ಮಾತಾಡ್ಲೋ? ಸರಿ ಅತ್ತಾಗ!”

ನನ್ನ ಬೆನ್ನ ಹಿಂದೆ ಪೆಟ್ಟಿಗೆಯ ಹಣೆಯ ಮೇಲೆ ಸೊನ್ನೆ ಬಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಆಕೆಯ ಹಿಂದೆಯೇ, ನಮ್ಮೂರಿನವರ ಮೇಲೆ ವಾಲಿಬಾಲ್ ಆಡಲು ಬಂದ ಪಕ್ಕದೂರಿನ ತಂಡ ಒಳಗೆ ನುಗ್ಗಿತು. ಒಂಬತ್ತು ಆಟಗಾರರು, ಒಬ್ಬ ಕೋಚು. ಅಗಸಿ ದಾಟಿದ ಕೂಡಲೇ ಹತ್ತೂ ಮಂದಿ ಕಣ್ಣಿಗೆ ಕಾಣದಾದರು. ಮೈಮೇಲಿನ ಬಟ್ಟೆಯ ಹೊರತು ಬೇರೆ ವಸ್ತುಗಳಿಗೆ ಪೆಟ್ಟಿಗೆಯ ಹಂಗಿಲ್ಲವಾದ್ದರಿಂದ ಚೆಂಡೊಂದೇ ಪುಟಿಯುತ್ತ, ತಾನೇ ಹಾರುತ್ತ ಪೇಟೆಯ ಕಡೆಗೆ ಹೋಯಿತು. ಹುಸೇನಬಿ ಬುಟ್ಟಿ ಬಿಟ್ಟು ಓಡಿದಳು.

ಸಾಹೇಬರು ಆ ಸಾಲು ಅಳಿಸಿ ಕೈ ಒರೆಸಿಕೊಂಡರು. “ತೇಪಿ ಹಾಕಿದೆ. ಇನ್ನ ಮುಂದ ಸೋರೂದಿಲ್ಲ.”

“ಸೋರಿದ್ದು?”

“ಅದು ತಾನಾಗೇ ಬರೂದಿಲ್ಲ, ಸಂಗಪ್ಪ. ಅದಕ್ಕ ಆರಿಸಿ ಹಚ್ಚಬೇಕು. ಕಾಲು ತಾಸು ಊರಾಗ ಯಾರಿಗೂ ನೆರಳಿರೂದಿಲ್ಲ.”

ನರ್ಸಬಾಯಿಗೆ ಶೈಲಾ ಕಾಣುವುದಿಲ್ಲ, ಶೈಲಾಗೆ ನರ್ಸಬಾಯಿ ಕಾಣುವುದಿಲ್ಲ. ಅಂಥ ಕಾಲು ತಾಸು ನನಗೆ ಬೇಡವಾಗಿತ್ತು. ಮಂದಿಯನ್ನು ಮತ್ತೆ ಹೊರಗೆ ಕಳಿಸಿದರೂ, ಅವರು ತಿರುಗಿ ಬಂದ ಮೇಲೆ ಮತ್ತೆ ಸೊನ್ನೆಯೇ. ನಾನು ಕಿಟಕಿಯಿಂದ ನಮ್ಮ ಕಟ್ಟೆಯ ಕಡೆ ನೋಡಿದೆ. ನಮ್ಮ ಮನೆ ಅಗಸಿಗೆ ಹತ್ತಿಕೊಂಡೇ ಇದೆ. ಹನ್ನೆರಡು ಅತ್ತೆಯರು ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಂತೆ ಅನ್ನಿಸಿತು.

“ಸಾಹೇಬ್ರ, ಈಗ ಒಬ್ಬರು ಎಷ್ಟು ಸಲ ಹೊರಗ ಹೋದ್ರೂ ಪೆಟ್ಟಿಗಿ ಅಷ್ಟೂ ಸಲ ನೆರಳು ವಾಪಸ್ ತಗೋತೈತಲ್ರೀ?”

“ತಗೋತದ. ಅವರ ಹೆಸರಿಲೆ ಇದ್ದದ್ದರಾಗ ಹಳೇದನ್ನ ಮೊದಲು ತಗೋತದ. ಆದ್ರ ಒಳಗ ಬಂದಾಗ ಮತ್ತೊಂದು ಕೊಡ್ತದಲ್ಲಪಾ. ಲೆಕ್ಕ ಅಲ್ಲಿಗಲ್ಲಿಗೇ.”

“ಅಗಸಿಯಿಂದ ಬಂದ್ರ ಕೊಡ್ತೈತಿ. ಆಡಿನ ಕಿಂಡಿಯಿಂದ ಬಂದ್ರ?”

ನಮ್ಮ ಮನೆಯ ಹಿಂದೆ ಊರಗೋಡೆ ಕುಸಿದು ಒಂದು ಕಿಂಡಿಯಾಗಿದೆ. ಆಡುಗಳು ಅಲ್ಲಿಂದಲೇ ಓಡಾಡುತ್ತವೆ. ಪೆಟ್ಟಿಗೆಗೆ ಅಲ್ಲಿ ಕಣ್ಣಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ನೀ ಎಷ್ಟನೇ ಇಯತ್ತಾ ಓದೀಯಪಾ?” ಎಂದರು.

“ಮೂರನೇ ಇಯತ್ತಾ, ಎರಡು ಸಲ” ಎಂದು ನಾನು ಮೆಟ್ಟಿಲಿಳಿದು ಓಡಿದೆ.

ಅತ್ತೆ ನಡುಮನೆಯಲ್ಲಿ ಸೆರಗು ಸಿಕ್ಕಿಸಿ, ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. ನಾನು ವಿಷಯ ಹೇಳಿದೆ. ಆಕೆ ಹೊರಗೆ ಬಂದು ಕಟ್ಟೆಯ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

“ಇವೆಲ್ಲಾ ನಾನಾ? ಇಷ್ಟು ಡೊಳ್ಳು ಐತೇನು ನನಗ?”

“ಅತ್ತೀ, ಹೊತ್ತಿಲ್ರೀ. ಹತ್ತು ಮಂದಿ ಕೂಸಿಗಿಂತ ಮೊದಲು ಸರತಿಯಾಗ ನಿಂತಾರ. ನೀವು ಹನ್ನೊಂದು ಸುತ್ತು ಹಾಕಿದ್ರ ಹನ್ನೊಂದನೇದು ಕೂಸಿಗಿ ಬರ್ತೈತಿ. ಆಗ್ತೈತೇನ್ರೀ?”

“ಆಗದ ಏನು? ಹನ್ನೆರಡು ವರ್ಷ ನಿಮ್ಮ ಮನೀಗಿ ಬಂದು ನಿಮ್ಮ ಮಾರಿ ನೋಡೇನಿ. ಅದಕ್ಕಿಂತ ಕಷ್ಟ ಏನೈತಿ ಅಳಿಯಂದ್ರ?”

ಹೀಗೆಂದು ಕಚ್ಚೆ ಹಾಕಿ ಹೊರಟೇ ಬಿಟ್ಟಳು. ಅಗಸಿಯಿಂದ ಹೊರಗೆ, ಗೋಡೆ ಸುತ್ತಿ ಹಿಂದಕ್ಕೆ, ಆಡಿನ ಕಿಂಡಿಯಲ್ಲಿ ನುಸುಳಿ ಒಳಗೆ, ಮತ್ತೆ ಅಗಸಿಗೆ. ಆಕೆ ಮೊದಲ ಸಲ ಅಗಸಿ ದಾಟುತ್ತಿದ್ದಂತೆ ಕಟ್ಟೆಯ ಮೇಲಿನ ಮೊದಲ ಕಲ್ಲವ್ವ ಲೋಟ ಹಿಡಿದುಕೊಂಡೇ ಮೆಲ್ಲಗೆ ಎದ್ದು, ಕಲ್ಲಿನಲ್ಲಿ ನೀರು ಇಂಗಿದಂತೆ ಇಂಗಿಹೋದಳು. ಅದೇ ಹೊತ್ತಿಗೆ ಪೇಟೆಯಲ್ಲಿ ಚೆಂಡಿನ ಹಿಂದೆ ಕೋಚು ಪ್ರತ್ಯಕ್ಷನಾದನಂತೆ.

ನಾಲ್ಕನೆಯ ಸುತ್ತಿಗೆ ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಎಣಿಸತೊಡಗಿದರು. ಆರನೆಯ ಸುತ್ತಿಗೆ ಕಿಂಡಿಯಲ್ಲಿ ಒಂದು ಆಡು ಎದುರಾಯಿತು. ಅತ್ತೆಯೂ ಸರಿಯಲಿಲ್ಲ, ಆಡೂ ಸರಿಯಲಿಲ್ಲ. ಕೊನೆಗೆ ಆಡೇ ಹಿಂದಕ್ಕೆ ಹೋಯಿತು. ಎಂಟನೆಯ ಸುತ್ತಿಗೆ ಆಕೆಯ ತಲೆಯಲ್ಲಿ ಜಾಲಿಯ ಎಲೆ ಸಿಕ್ಕಿಕೊಂಡಿದ್ದವು, ಬಾಯಲ್ಲಿ ಬೈಗುಳ ತುಂಬಿದ್ದವು. ನಾನು ಕಟ್ಟೆಯ ಮೇಲೆ ನಿಂತು ಒಂದೊಂದೇ ನೆರಳು ಇಂಗುವುದನ್ನು ನೋಡುತ್ತ, ಒಳಗಿನ ನರಳಾಟಕ್ಕೆ ಒಂದು ಕಿವಿ ಕೊಟ್ಟು ಬೆವರುತ್ತಿದ್ದೆ. ಹತ್ತನೆಯದೂ ಹೋಯಿತು.

ಆಗ ಒಳಗೆ ಕೂಸು ಅತ್ತಿತು.

ಒಂದೇ ಸಲ, ಗಟ್ಟಿಯಾಗಿ. ಮರುಕ್ಷಣ ನರ್ಸಬಾಯಿ ಒದರಿದಳು. “ಅಯ್ಯ ಶಿವನ! ಕೂಸೆಲ್ಲಿ ಹೋತು? ಈಗ ಕೈಯಾಗಿತ್ತು! ಕೈಗೆ ಭಾರ ಐತಿ, ಕಣ್ಣಿಗಿಲ್ಲ!”

“ಕೈ ಬಿಡಬ್ಯಾಡ್ರೀ! ಕೈ ಬಿಡಬ್ಯಾಡ್ರೀ!” ಎಂದು ಸಾವಂತ್ರವ್ವ ಕೂಗುತ್ತಿದ್ದಳು. “ಯವ್ವಾ, ನನ್ನ ಕೂಸು ಎಲ್ಲೈತಿ?” ಎಂದು ಶೈಲಾ ಅಳತೊಡಗಿದಳು. ಕೂಸಿನ ಅಳು ಯಾವುದೋ ದೂರದ ಓಣಿಯಿಂದ ಬಂದಂತೆ ತೆಳ್ಳಗಾಗುತ್ತಿತ್ತು.

ನಾನು ಅಗಸಿಯ ಕಡೆ ನೋಡಿದೆ. ಅತ್ತೆ ಅಗಸಿಯ ಒಳಗೆ, ಇಮಾಮಸಾಬನ ಹಾಸುಗಲ್ಲಿನ ಮೇಲೆ, ಒಂದು ಕಾಲು ಮಡಚಿ ಒಂದು ಇಳಿಬಿಟ್ಟು, ನಿಶ್ಚಿಂತೆಯಿಂದ ಕೂತಿದ್ದಳು.

“ಅತ್ತೀ! ಯಾಕ ಕುಂತ್ರಿ? ಕೂಸು ಹುಟ್ಟೇತಿ! ಏಳ್ರೀ!”

“ಹೊಂಟಿದ್ನಿ! ಈ ಮುದುಕ ಹೊಸ್ತಲದಾಗ ಒಂಟಿ ಸೀನು ಸೀನಿದ! ನೀರು ಕುಡೀದ ಹೆಂಗ ಹೋಗಲಿ?”

“ಧೂಳ ಎಬ್ಬಸಿದವರು ನೀವ ಅಲ್ರೀ!” ಎಂದು ಇಮಾಮಸಾಬ ಮೂಗು ಒರೆಸಿಕೊಳ್ಳುತ್ತ ನೀರಿನ ಲೋಟ ತಂದ.

ಕಾಲು ಹಿಡಿದರೂ ಆಕೆ ಹಾಗೇ ಎದ್ದು ಹೋಗುವವಳಲ್ಲ ಎಂದು ನನಗೆ ಗೊತ್ತಿತ್ತು. ಅವಸರದ ಕೆಲಸಕ್ಕೇ ನೀರು ಕುಡಿದು ಹೊರಡಬೇಕು ಎಂಬುದು ಆಕೆಯ ನಂಬಿಕೆ. ಎಣಿಸುತ್ತಿದ್ದ ಹೆಂಗಸರೆಲ್ಲ ಅಗಸಿಗೆ ಬಂದು ಲೋಟವನ್ನೇ ನೋಡುತ್ತ ನಿಂತರು. ಕಲ್ಲವ್ವ ನೀರು ಕುಡಿದಳು. ಕೊನೆಯ ಹನಿಯವರೆಗೂ ಕುಡಿದಳು. ಲೋಟ ಬೋರಲು ಇಟ್ಟು, ಬಾಯಿ ಒರೆಸಿಕೊಂಡು, ಎದ್ದು, ಬಲಗಾಲು ಮುಂದಿಟ್ಟು ಅಗಸಿ ದಾಟಿದಳು. ಕಟ್ಟೆಯ ಮೇಲಿನ ಹನ್ನೊಂದನೆಯ ನೆರಳು ಎದ್ದಿತು, ಇಂಗಿತು.

“ಸಿಕ್ತು!” ಎಂದಳು ಒಳಗಿನಿಂದ ನರ್ಸಬಾಯಿ. “ಹೆಣ್ಣು ಕೂಸು ನೋಡ್ರಿ. ಇಲ್ಲೇ ಕೈಯಾಗ ಐತಿ. ನನ್ನ ಗಾಜಿನ ಬಳಿ ಹಿಡ್ಕೊಂಡು ಕುಂತೈತಿ.”

ನಾನು ಕಟ್ಟೆಯ ಮೇಲೆ ಕೂತೆ. ಹನ್ನೆರಡನೆಯ ಕಲ್ಲವ್ವನ ಮಡಿಲಲ್ಲೇ ಕೂತೆನೆಂದು ಆಮೇಲೆ ತಿಳಿಯಿತು.

ಒಂದು ಸಂಗತಿಯನ್ನು ಸಾಹೇಬರೂ ಎಣಿಸಿರಲಿಲ್ಲ. ಪೆಟ್ಟಿಗೆ ಹಳೆಯ ನೆರಳನ್ನು ತೆಗೆದುಕೊಳ್ಳುತ್ತದೆ, ಆದರೆ ತೊಳೆದು ಇಡುವುದಿಲ್ಲ. ಹೊಸಬರ ಮೈಗೆ ಅದು ಹೊಂದಿಕೊಳ್ಳಲು ಮೂರು ನಾಲ್ಕು ದಿನ ಬೇಕು. ಆ ಸಂಜೆ ವಾಲಿಬಾಲ್ ಆಟ ನಡೆಯಿತು. ಪಕ್ಕದೂರಿನ ಹುರಿಯಾಳುಗಳು ಮೇಲೆ ನೆಗೆದು ಚೆಂಡು ಹೊಡೆದರೆ, ಕೆಳಗೆ ನೆಲದ ಮೇಲೆ ಅವರ ನೆರಳುಗಳು ಒಂದು ಕಾಲು ಮಡಚಿ ಕೂತು ನೀರು ಕುಡಿಯುತ್ತಿದ್ದವು. ನಮ್ಮೂರಿನವರು ಹೊಟ್ಟೆ ಹಿಡಿದು ನಕ್ಕು ನಕ್ಕು ಸೋತರು.

ಮಾರನೆಯ ದಿನ ಎಳೆ ಬಿಸಿಲಿಗೆ ಕೂಸನ್ನು ಅಂಗಳಕ್ಕೆ ತಂದರು. ಗೋಡೆಯ ಮೇಲೆ ಲೋಟ ಹಿಡಿದ, ಡೊಳ್ಳು ಹೊಟ್ಟೆಯ ಅಜ್ಜಿಯ ನೆರಳು ಬಿತ್ತು. ಕೂಸು ಕೈ ಆಡಿಸಿದರೆ ಅಜ್ಜಿ ಲೋಟ ಎತ್ತುತ್ತಿದ್ದಳು. ಶೈಲಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೆ ಮಾತ್ರ ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಮಂಚದ ಮೇಲೆ ಬಿದ್ದುಕೊಂಡಲ್ಲಿಂದಲೇ ಹೇಳಿದಳು: “ಅಳತೀ ಯಾಕ? ದಾಹ ಅಂದ್ರ ಏನಂತ ಅದಕ್ಕ ಈಗ ಗೊತ್ತಾಗೇತಿ. ಛಲೋ ಬಾಳತೈತಿ ಬಿಡು.”

ಧರಣೇಂದ್ರ ಸಾಹೇಬರು ಹೊರಡುವ ಮುಂಚೆ ತಮ್ಮ ನೆರಳನ್ನು ತಾವೇ ತೆಗೆಯುತ್ತೇನೆಂದು ಒಂದು ಸುತ್ತು ಹಾಕಿದರು. ಕಿಂಡಿಯಲ್ಲಿ ಪ್ಯಾಂಟು ಹರಿಯಿತು. ಸಾವಂತ್ರವ್ವ ಅದಕ್ಕೂ ಒಂದು ತೇಪೆ ಹಾಕಿ ಕೊಟ್ಟಳು. ಊರಿನ ಉಳಿದವರೂ ಬಿಡುವಿದ್ದಾಗ ಒಬ್ಬೊಬ್ಬರಾಗಿ ಸುತ್ತು ಹಾಕಿ ತಮ್ಮ ತಮ್ಮದನ್ನು ತೆಗೆದರು. ಒಂದು ತಿಂಗಳಲ್ಲಿ ಕೆಂಪು ಅಂಕಿ ಇನ್ನೂರು ದಾಟಿತು. ಆಡುಗಳು ಮಾತ್ರ ಬೇರೆ ಕಿಂಡಿ ಮಾಡಿಕೊಂಡವು.

ಮೂರನೆಯ ತಿಂಗಳು ಬಾಣಂತನ ಮುಗಿಸಿ ಅತ್ತೆ ಊರಿಗೆ ಹೊರಟಳು. ಪ್ರತಿ ವರ್ಷದಂತೆ, ಹೋಗಿ ಹತ್ತು ನಿಮಿಷಕ್ಕೆ ಎಲೆಯಡಿಕೆ ಚೀಲ ಮರೆತೆನೆಂದು ಬಂದಳು. ಕೂತಳು, ನೀರು ಕುಡಿದಳು, ಹೋದಳು. ಹೋದ ಮೇಲೆ ನಾವು ಗಂಡ ಹೆಂಡತಿ ಕಟ್ಟೆಯತ್ತ ನೋಡಿದೆವು. ಹೊಸ ನೆರಳು ಬಂದಿರಲಿಲ್ಲ. ಸಾಹೇಬರ ತೇಪೆ ಗಟ್ಟಿಯಾಗಿತ್ತು. ಲೆಕ್ಕದಲ್ಲಿ ಉಳಿದಿದ್ದ ಒಂದೇ ಒಂದು ನೆರಳು ಬಲಗೈಯಲ್ಲಿ ಲೋಟ ಹಿಡಿದು ತುದಿಯಲ್ಲಿ ಕೂತಿತ್ತು.

“ಅದನ್ನೂ ತಗಸೂಣೇನು? ಮುಂದಿನ ಸಲ ನಿಮ್ಮವ್ವ ಬಂದಾಗ ಒಂದು ಸುತ್ತು ಹೆಚ್ಚಿಗಿ ಹಾಕ್ಲಿ” ಎಂದೆ.

ಸಾವಂತ್ರವ್ವ ಸೆರಗಿನಿಂದ ಕಟ್ಟೆಯ ಧೂಳು ಝಾಡಿಸಿದಳು, ನೆರಳಿಗೆ ತಾಗದಂತೆ. “ಅಕಿಗಿ ಎಪ್ಪತ್ತೆರಡು ಆತ್ರೀ” ಎಂದಳು. “ಒಂದು ಇರಲಿ ಬಿಡ್ರಿ.”

ನಾನು ಅಗಸಿಯ ಮೇಲೆ ಹೋಗಿ ಕಚೇರಿಗೆ ವರದಿ ಬರೆದೆ: ಸೋರಿಕೆ ಸಣ್ಣದು. ಕಾರಣ ಸಿಕ್ಕಿದೆ, ತೇಪೆ ಹಾಕಿದೆ. ಒಂದು ಜಾಗ ಇನ್ನೂ ವಾಪಸು ಬಂದಿಲ್ಲ. ಅದು ನಮ್ಮ ಮನೆಯವರದೇ. ಅವಸರವಿಲ್ಲ.